ಅಗಸಿಯ ಬಿರುಕಿಗೆ ಅಂಟಿಸಿದ ಗಾಜು

ನಾನು ಒಂದು ಗಾಜಿನ ಪಟ್ಟಿಗೆ ಅಂಜಿದಷ್ಟು ನನ್ನ ಅತ್ತೆಗೂ ಅಂಜಿದವಳಲ್ಲ. ಅತ್ತೆ ಇದ್ದಾಗ ಆಕೆ ಪಡಸಾಲೆಯಲ್ಲಿ ಕೆಮ್ಮಿದರೆ ಸಾಕು, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ನನ್ನ ಕೈ ನಿಲ್ಲುತ್ತಿತ್ತು. ಆಕೆ ತೀರಿಕೊಂಡ ಮೇಲೆ ಇನ್ನು ಅಂಜಲಿಕ್ಕೆ ಯಾರೂ ಉಳಿದಿಲ್ಲ ಎಂದುಕೊಂಡಿದ್ದೆ. ಆಗ ಬಂತು ಈ ಗಾಜು. ಗೇಣುದ್ದ, ಎರಡು ಬೆರಳು ಅಗಲ, ನಮ್ಮೂರ ಅಗಸಿಯ ಬಿರುಕಿಗೆ ಅಡ್ಡಲಾಗಿ ಅಂಟಿಸಿದ್ದು. ಆ ಮಳೆಗಾಲ ಪೂರ್ತಿ ಬೆಳಗ್ಗೆ ಎದ್ದು ದೇವರ ಜಗಲಿಗೆ ಕೈ ಮುಗಿಯುವ ಮೊದಲು ನಾನು ಹೋಗಿ ಅದರ ಮುಖ ನೋಡಿ ಬರುತ್ತಿದ್ದೆ.

ನಮ್ಮೂರು ಹುನಗುಂದ ತಾಲೂಕಿನದು. ಕಮತಗಿಯಿಂದ ಒಳಕ್ಕೆ, ಮಲಪ್ರಭೆಯ ಕಡೆಗೆ ಹೋದರೆ ಸಿಗುತ್ತದೆ. ಒಂದು ಕಾಲಕ್ಕೆ ಊರ ಸುತ್ತ ಗೋಡೆ ಇತ್ತಂತೆ. ಆ ಗೋಡೆಯ ಕಲ್ಲುಗಳೆಲ್ಲ ಯಾರ ಯಾರದೋ ಮನೆಯ ಪಾಯಕ್ಕೆ, ದನದ ಕೊಟ್ಟಿಗೆಗೆ ಹೋಗಿ, ಉಳಿದದ್ದು ಅಗಸಿ ಮಾತ್ರ. ಊರ ಹೆಬ್ಬಾಗಿಲು. ಎರಡು ಬದಿಗೆ ದಪ್ಪ ಕಲ್ಲಿನ ಗೋಡೆ, ನಡುವೆ ಕಮಾನು, ಮೇಲೆ ಹಾಳುಬಿದ್ದ ಮಣ್ಣಿನ ಅಟ್ಟ, ಆ ಅಟ್ಟದ ಸಂದಿಯಲ್ಲಿ ಹುಟ್ಟಿಕೊಂಡ ಒಂದು ಅರಳಿ. ಬೇರೆ ಗಿಡವಾಗಿದ್ದರೆ ಯಾರಾದರೂ ಕಿತ್ತೆಸೆಯುತ್ತಿದ್ದರು. ಅರಳಿ ಎಂದು ಎಲ್ಲರೂ ಸುಮ್ಮನಿದ್ದರು, ಅದು ಸುಮ್ಮನಿರಲಿಲ್ಲ. ಬೇರು ಕೆಳಗಿಳಿಸಿ ಕಮಾನಿನ ಕಲ್ಲುಗಳನ್ನು ಬಿಡಿಸುತ್ತ ಬಂತು.

ಕಮಾನಿನ ಕೆಳಗೆ ಎರಡೂ ಬದಿಗೆ ಕಟ್ಟೆಗಳಿವೆ. ಅಲ್ಲಿ ಊರ ಹಿರಿಯರು ಕೂಡುತ್ತಾರೆ. ಹಾಗೆಂದು ತಲೆ ನೆರೆತವರೆಲ್ಲ ಹೋಗಿ ಕೂಡುವಂತಿಲ್ಲ. ಕೂತವರಲ್ಲಿ ಒಬ್ಬರು ತೀರಿಕೊಂಡು ಅವರ ದಿನಕರ್ಮ ಮುಗಿದ ಮೇಲೆ, ಉಳಿದವರು ಇನ್ನೊಬ್ಬ ಹಿರಿಯನ ಮನೆಗೆ ನಡೆದುಹೋಗಿ, ಚಹ ಕುಡಿದು, ಏಳುವಾಗ "ನಾಳಿಂದ ಬಾರಪಾ" ಎನ್ನುತ್ತಾರೆ. ಅಷ್ಟೇ ಕರೆ. ಒಮ್ಮೆ ಕರೆದರೆ ಮುಗಿಯಿತು, ಸಾಯುವ ತನಕ ಆ ಜಾಗ ಅವನದು. ಅವನು ದಿನಾ ಬೆಳಗ್ಗೆ ಅಲ್ಲಿ ಇರಲೇಬೇಕು. ಬಿಸಿಲು ಕಟ್ಟೆಯನ್ನು ಮುಟ್ಟುವ ಹೊತ್ತಿಗೂ ಜಾಗ ಖಾಲಿ ಇದ್ದರೆ ಉಳಿದವರು ಮಾತು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಒಮ್ಮೆ ನಮ್ಮ ಮಾವನವರು ಜ್ವರ ಬಂದು ಮಲಗಿಬಿಟ್ಟಿದ್ದರು. ಬಿಸಿಲೇರುವುದರೊಳಗೆ ಓಣಿಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಮ್ಮ ಬಾಗಿಲಿಗೆ ಬಂದು ನಿಂತರು. ಅಳಲು ತಯಾರಾಗಿಯೇ ಬಂದವರು, ಮಾವನವರು ಹಾಸಿಗೆಯಿಂದ "ಯಾರದು?" ಎಂದದ್ದಕ್ಕೆ ಪೆಚ್ಚಾಗಿ ಹಿಂದಿರುಗಿದರು.

ಮಾವನವರ ಜಾಗ ಎಡಗಡೆಯ ಕಟ್ಟೆಯಲ್ಲಿ, ಗೋಡೆಗೆ ಆತುಕೊಂಡು, ಎಲ್ಲರಿಗಿಂತ ಒಳಗೆ. ಅವರೇ ಈಗ ಎಲ್ಲರಿಗಿಂತ ಹಿರಿಯರು. ಬಿರುಕು ಇದ್ದದ್ದು ಸರಿಯಾಗಿ ಅವರ ತಲೆಯ ಮೇಲೆ.

ನಾನು ಇಳಕಲ್ಲಿನ ಮಗಳು. ಮದುವೆಯಾಗಿ ಬಂದ ದಿನ ಈ ಅಗಸಿಯ ಕೆಳಗೆ ನನ್ನನ್ನು ನಿಲ್ಲಿಸಿ, ನಿವಾಳಿಸಿ, ಒಳಗೆ ಬಿಟ್ಟುಕೊಂಡಿದ್ದರು. ಆವತ್ತಿನಿಂದ ಅದರ ಕೆಳಗೆ ಹಾಯುವಾಗೆಲ್ಲ ತಲೆ ಮೇಲೆ ಸೆರಗು, ನೋಟ ನೆಲಕ್ಕೆ, ಕಾಲು ಚುರುಕು. ಕಟ್ಟೆಯ ಮೇಲೆ ಹಿರಿಯರು ಕೂತಿರುತ್ತಾರಲ್ಲ! ಮುಂದೆ ನಮ್ಮ ಓಣಿಯ ಸೀಟು ಹೆಂಗಸರಿಗೆ ಮೀಸಲಾಗಿ, ನನ್ನನ್ನು ಹಿಡಿದು ನಿಲ್ಲಿಸಿ, ಗೆಲ್ಲಿಸಿ, ಗ್ರಾಮ ಪಂಚಾಯತಿಗೆ ಕಳಿಸಿದರು. ಮೆಂಬರ್ ಆದಮೇಲೂ ಅಗಸಿಯಲ್ಲಿ ನನ್ನ ನಡಿಗೆ ಬದಲಾಗಲಿಲ್ಲ. ಪಂಚಾಯತಿ ಕಟ್ಟಡದೊಳಗೆ ಟೇಬಲ್ ಬಡಿದು ಮಾತಾಡುತ್ತಿದ್ದವಳು ಅಗಸಿ ಬಂದೊಡನೆ ಸೆರಗು ಎಳೆದುಕೊಳ್ಳುತ್ತಿದ್ದೆ. ನನ್ನ ಗಂಡ ಇದನ್ನು ನೋಡಿ ನಗುತ್ತಿದ್ದ. ಅವನಿಗೇನು, ಕಮತಗಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ, ಬೆಳಗ್ಗೆ ಗಾಡಿ ಹತ್ತಿ ಹೋದರೆ ಸಂಜೆಗೇ ಬರುವುದು.

ಆ ವರ್ಷ ಜಿಲ್ಲೆಯಿಂದ ಒಂದು ಅನುದಾನ ಬಂತು. ಊರಲ್ಲಿ ಹಳೆಯ ಕಟ್ಟಡ ಇದ್ದರೆ ಅದರ ದುರಸ್ತಿಗೆ, ಅದರ ಸುತ್ತಲಿನ ಬಯಲು ಜಾಗ ಉಳಿಸಿಕೊಳ್ಳುವುದಕ್ಕೆ. ಪಂಚಾಯತಿಯೂ ತನ್ನ ಪಾಲು ಹಾಕಬೇಕು. ನಮ್ಮಲ್ಲಿ ಇನ್ನೊಬ್ಬ ಮೆಂಬರ್ ಇದ್ದರು, ಕಬ್ಬಿನ ಟ್ರ್ಯಾಕ್ಟರ್‌ಗಳ ಮಾಲೀಕರು. ಅವರ ಲೆಕ್ಕ ಬೇರೆ. ಕಬ್ಬು ಹೇರಿದ ಟ್ರ್ಯಾಕ್ಟರ್ ಅಗಸಿಯಲ್ಲಿ ಹಾಯುವುದಿಲ್ಲ, ಊರು ಸುತ್ತಿ ಹೋಗಬೇಕು. ಅಗಸಿ ಕೆಡವಿದರೆ ರಸ್ತೆ ಆಗುತ್ತದೆ, ಮುಂದಿನ ಬಯಲಿನಲ್ಲಿ ಸಾಲಾಗಿ ಮಳಿಗೆ ಕಟ್ಟಿದರೆ ಪಂಚಾಯತಿಗೆ ಬಾಡಿಗೆ ಬರುತ್ತದೆ. ಕೆಟ್ಟ ಮಾತೇನಲ್ಲ ಅದು. ಗ್ರಾಮ ಸಭೆಯಲ್ಲಿ ಬಹಳ ಜನ ಹೌದು ಹೌದು ಎಂದರು.

ನನಗೆ ಅಗಸಿಗಿಂತ ಬಯಲಿನದೇ ಚಿಂತೆ. ಆ ಬಯಲಿನಲ್ಲಿ ನಾವು ಮೆಣಸಿನಕಾಯಿ ಒಣಹಾಕುತ್ತೇವೆ, ಮದುವೆಯ ಊಟದ ಪಂಕ್ತಿ ಅಲ್ಲಿಯೇ, ಹುನಗುಂದಕ್ಕೆ ಕಾಲೇಜಿಗೆ ಹೋಗುವ ಹುಡುಗಿಯರು ಬಸ್ಸಿಗೆ ನಿಲ್ಲುವುದೂ ಅಲ್ಲಿಯೇ. ಮಳಿಗೆ ಬಂದರೆ ಆ ಹುಡುಗಿಯರು ಪಾನ್ ಅಂಗಡಿಯ ಮುಂದೆ ನಿಲ್ಲಬೇಕಾಗುತ್ತದೆ. ಅದನ್ನೇ ಎದ್ದು ನಿಂತು ಹೇಳಿದೆ. ಹೇಳುತ್ತ ಹೇಳುತ್ತ ಉಮೇದಿ ಬಂದು, ಪಂಚಾಯತಿಯ ಪಾಲು ಎಲ್ಲಿಂದ ತರುತ್ತೀರಿ ಎಂದು ಯಾರೋ ಕೇಳಿದ್ದಕ್ಕೆ, ನಮ್ಮ ಓಣಿಗೆ ಮಂಜೂರಾದ ಗಟಾರ ಈ ವರ್ಷ ಬೇಡ, ಅದನ್ನು ಇದಕ್ಕೆ ಹಾಕಿರಿ ಎಂದುಬಿಟ್ಟೆ. ಹೆಂಗಸರು ಕೈ ಎತ್ತಿದರು. ಅವರ ಕಡೆ ನೋಡಿ ಅವರ ಗಂಡಂದಿರೂ ಎತ್ತಿದರು. ಅಗಸಿ ಉಳಿಯಿತು. ನಮ್ಮ ಓಣಿಯ ಗಟಾರ ಹೋಯಿತು, ಅದರ ಬೈಗುಳ ನನಗೆ ಇವತ್ತಿಗೂ ತಪ್ಪಿಲ್ಲ.

ಸಭೆ ಮುಗಿದು ಹೊರಗೆ ಬರುವಾಗ ಟ್ರ್ಯಾಕ್ಟರ್ ಮಾಲೀಕರು ನನ್ನ ಹತ್ತಿರ ಬಂದು ತಣ್ಣಗೆ ಒಂದು ಮಾತು ಹೇಳಿದರು.

"ಅಕ್ಕಾರ, ನೀವು ಗೆದ್ರಿ. ಬರೋಬ್ಬರಿ ಆತು. ಆದ್ರ ನಾಳೆ ಆ ಕಲ್ಲು ಬಿದ್ದು ಯಾರರ ಸತ್ರ, ಆ ಹೆಣಾ ನಿಮ್ಮ ಮನಿ ಮುಂದ ತಂದ ಇಡ್ತೇವಿ, ನೋಡ್ರಿ."

ಅವರು ಸಿಟ್ಟಿನಿಂದ ಹೇಳಿದ್ದರೆ ನಾನೂ ಎರಡು ಮಾತು ಆಡಿ ಮರೆತುಬಿಡುತ್ತಿದ್ದೆ. ಅವರು ನಿಜವಾಗಿಯೂ ಹಾಗೆ ಆಗಬಹುದು ಎಂಬಂತೆ ಹೇಳಿದರು. ಅಂಜಿಕೆ ಒಳಗೆ ಹೊಕ್ಕದ್ದು ಆಗಲೇ.

ಬಾಗಲಕೋಟೆಯಿಂದ ಎಂಜಿನಿಯರ್ ಬಂದರು. ಇನ್ನೂ ಹರೆಯದವರು, ನಮ್ಮ ಕಡೆಯವರೇ. ಟಾರ್ಚು ಹಿಡಿದು ಬಿರುಕಿನೊಳಗೆಲ್ಲ ನೋಡಿದರು. ಹಳೆಯ ಗೋಡೆಗೆ ಸಿಮೆಂಟ್ ನಡೆಯುವುದಿಲ್ಲ, ಸುಣ್ಣದ ಗಾರೆಯೇ ಬೇಕು, ಅದು ಮಳೆಯಲ್ಲಿ ಆರುವುದಿಲ್ಲ, ಆದ್ದರಿಂದ ಮಳೆ ಮುಗಿದ ಮೇಲೆಯೇ ಕೆಲಸ ಎಂದರು. ಆಮೇಲೆ ಏಣಿ ಹಾಕಿ, ಬಿಳಿ ಪುಡಿ ಕಲಸಿ, ಬಿರುಕಿಗೆ ಅಡ್ಡಲಾಗಿ ಎರಡು ಗಾಜಿನ ಪಟ್ಟಿ ಅಂಟಿಸಿದರು. ಒಂದು ಮೇಲೆ, ಕಮಾನು ಸುರುವಾಗುವಲ್ಲಿ. ಇನ್ನೊಂದು ಕೆಳಗೆ, ಮಾವನವರ ಜಾಗದ ಮೇಲೆ, ಕಟ್ಟೆ ಹತ್ತಿ ನಿಂತರೆ ಕೋಲಿಗೆ ನಿಲುಕುವಷ್ಟು ಎತ್ತರದಲ್ಲಿ.

"ಗ್ವಾಡಿ ಒಂದ ಎಳಿಯಷ್ಟ ಸರದ್ರೂ ಗಾಜು ಒಡೀತೈತ್ರಿ. ಮೊದಲ ಮ್ಯಾಲಿಂದು, ಆಮ್ಯಾಲ ಕೆಳಗಿಂದು. ದಿನಾ ನೋಡಾಕ ಒಬ್ಬರಿಗೆ ಹೇಳ್ರಿ. ಒಡದ್ರ ತಕ್ಷಣ ನನಗ ಫೋನ್ ಮಾಡ್ರಿ."

"ಒಡದ್ರ ಏನ್ ಮಾಡ್ತೀರಿ ಸಾಹೇಬ್ರ?" ಎಂದೆ.

"ಒಡದ್ರ ಅಗಸಿ ನಡ್ಯಾಕತ್ತೈತಿ ಅಂತ ಅರ್ಥ. ದುರಸ್ತಿಗೆ ಆಗೂದಿಲ್ಲ. ಕೆಡವ್ರಿ ಅಂತ ಬರದು ಕೊಡಬೇಕಾಗ್ತೈತಿ. ಮತ್ತ ಒಂದು, ಕೆಲಸ ಮುಗಿಯೂತನಕ ಇದರ ಕೆಳಗ ಯಾರೂ ಕುಂದ್ರಬಾರದು."

ಈ ಕೊನೆಯ ಮಾತು ಹೇಳುವಾಗ ಹಿರಿಯರೆಲ್ಲ ಕಟ್ಟೆಯ ಮೇಲೆಯೇ ಕೂತು ಅವರನ್ನು ನೋಡುತ್ತಿದ್ದರು. ನಾನು ಪಂಚಾಯತಿಯಿಂದ ಹಗ್ಗ ತರಿಸಿ ಎರಡೂ ಕಟ್ಟೆಗೆ ಅಡ್ಡ ಕಟ್ಟಿಸಿದೆ. ಮರುದಿನ ನೋಡಿದರೆ ಹಗ್ಗ ಯಾರದೋ ಎಮ್ಮೆಯ ಕೊರಳಲ್ಲಿತ್ತು, ಹಿರಿಯರು ತಮ್ಮ ತಮ್ಮ ಜಾಗದಲ್ಲಿದ್ದರು. ಮನೆಗೆ ಬಂದ ಮಾವನವರಿಗೆ ಊಟಕ್ಕೆ ಬಡಿಸುತ್ತ ಮೆಲ್ಲಗೆ ಮಾತು ತೆಗೆದೆ.

"ಮಾವಾರ, ಮಳಿಗಾಲ ಮುಗಿಯೂತನಕ ಅಷ್ಟ ಬ್ಯಾರೆ ಕಡೆ ಕುಂದ್ರಬಾರದೇನ್ರಿ? ಬಯಲಾಗ ಬೇವಿನ ಗಿಡದ ಬುಡಕ ನೆಳ್ಳೈತಿ."

"ನಾ ಎದ್ರ ಎಲ್ಲಾರೂ ಏಳಬೇಕಾಗ್ತೈತಿ, ಯವ್ವಾ. ಜಾಗಾ ಬಿಟ್ಟಾಂವ ಸತ್ತಾಂವ. ಇದ್ದಾಗ ಯಾಂವ ಬಿಟ್ಟಾನ?"

"ಕಲ್ಲು ಬಿದ್ರ?"

ಅವರು ರೊಟ್ಟಿ ಮುರಿಯುತ್ತ, "ನಮ್ಮಜ್ಜನ ತಲಿ ಮ್ಯಾಲ ಬಿದ್ದಿಲ್ಲ, ನಮ್ಮಪ್ಪನ ಮ್ಯಾಲ ಬಿದ್ದಿಲ್ಲ" ಎಂದರು. ಗಂಡನಿಗೆ ಹೇಳಿದರೆ, "ನಮ್ಮಪ್ಪಗ ಹೇಳೂ ಧೈರ್ಯ ನನಗಿದ್ದಿದ್ರ ನಾನ ಮೆಂಬರ್ ಆಗ್ತಿದ್ದೆ" ಎಂದು ಗಾಡಿಗೆ ಕಿಕ್ ಹೊಡೆದ.

ಆ ವರ್ಷ ಮಳೆ ಜೋರಾಗಿ ಬಂತು. ಬೇರೆ ವರ್ಷ ಮೋಡ ನೋಡಿ ಕೈ ಮುಗಿಯುವ ಊರು ನಮ್ಮದು. ನಾನೊಬ್ಬಳು ಮೋಡ ಚದುರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಮಳೆ ಬಿದ್ದರೆ ಅಟ್ಟದ ಮಣ್ಣು ನೀರು ಕುಡಿದು ಭಾರ ಆಗುತ್ತದೆ, ಆ ಭಾರವೆಲ್ಲ ಕಮಾನಿನ ಮೇಲೆ. ರಾತ್ರಿ ಗುಡುಗಿದರೆ ಗುಡುಗೋ ಕಲ್ಲೋ ಎಂದು ಕಿವಿಗೊಡುತ್ತಿದ್ದೆ. ಪಕ್ಕದ ಓಣಿಯಲ್ಲಿ ಯಾರೋ ಕಟ್ಟಿಗೆ ಒಡೆದರೂ ಬಾಗಿಲಿಗೆ ಓಡಿ ಬರುತ್ತಿದ್ದೆ. ಅಗಸಿ ಬಿದ್ದರೆ ಎಂಬ ಯೋಚನೆ ಒಂದು, ಬಿದ್ದರೆ ಅದರ ಕೆಳಗೆ ಇರುವವರು ನಮ್ಮ ಮಾವ ಎಂಬುದು ಇನ್ನೊಂದು. ಕೆಡವೋಣ ಎಂದ ಊರಿನ ಮಾತನ್ನು ಬೇಡ ಎಂದು ನಿಲ್ಲಿಸಿದವಳು ನಾನು. ಆ ಕಲ್ಲನ್ನು ಅಲ್ಲಿ ನಿಲ್ಲಿಸಿದ್ದೇ ನಾನು ಎಂದ ಹಾಗಾಯಿತಲ್ಲ! ನನ್ನ ಮನೆಯ ಮುಂದೆ ತಂದಿಡುವ ಹೆಣ ನನ್ನ ಮನೆಯದೇ ಆಗಿದ್ದರೆ? ಈ ಯೋಚನೆ ಬಂದಾಗ ಮಾಡುತ್ತಿದ್ದ ಕೆಲಸ ಕೈಯಲ್ಲೇ ಉಳಿಯುತ್ತಿತ್ತು. ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೂ ಉಂಟು.

ಗಾಜು ನೋಡುವ ಕೆಲಸ ಯಾರಿಗೂ ಹೇಳಲಿಲ್ಲ, ನಾನೇ ಇಟ್ಟುಕೊಂಡೆ. ಬೆಳಗ್ಗೆ ಒಂದು ಕೊಡ ಹಿಡಿದು ಹೋಗುತ್ತಿದ್ದೆ. ಮನೆಗೆ ನಲ್ಲಿ ಬಂದು ಎಷ್ಟೋ ಕಾಲವಾಗಿತ್ತು, ಕೊಡದ ನೆಪ ಯಾರಾದರೂ ನಂಬುತ್ತಿದ್ದರೋ ಇಲ್ಲವೋ. ಸೆರಗಿನ ಮರೆಯಿಂದ ಕಣ್ಣು ಮೇಲೆತ್ತಿ ಮೊದಲು ಮೇಲಿನ ಗಾಜು, ಆಮೇಲೆ ಕೆಳಗಿನ ಗಾಜು, ಆಮೇಲೆ ಅದರ ಕೆಳಗೆ ಮಾವನವರ ತಲೆಗೆ ಸುತ್ತಿದ ಬಿಳಿ ರುಮಾಲು. ಮೂರೂ ನೆಟ್ಟಗಿದ್ದರೆ ಆ ದಿನಕ್ಕೆ ಉಸಿರು ಬಿಡುತ್ತಿದ್ದೆ. ಮಾವನವರು ಯಾವತ್ತೂ ನನ್ನ ಕಡೆ ನೋಡಿದ್ದು ಕಾಣೆ. ಕೋಲಿನ ತುದಿಯ ಕಬ್ಬಿಣದ ಬಳೆಯಿಂದ ನೆಲ ಕೆದರುತ್ತ ಕೂತಿರುತ್ತಿದ್ದರು. ಎಲ್ಲರಿಗಿಂತ ಮೊದಲು ಬರುವವರು ಅವರೇ, ಎಲ್ಲರಿಗಿಂತ ಕಡೆಗೆ ಏಳುವವರೂ ಅವರೇ.

ನದಿ ತುಂಬಿ ಹರಿಯುತ್ತಿದ್ದ ದಿನಗಳವು. ಕೂಡಲಸಂಗಮದ ಕಡೆ ನೀರು ಬಹಳ ಏರಿದೆ ಎಂದು ಹೋಗಿ ಬಂದವರು ಹೇಳುತ್ತಿದ್ದರು. ಎರಡು ದಿನ ಬಿಡದೆ ಹೊಡೆದ ಮಳೆ ಒಂದು ಬೆಳಗ್ಗೆ ನಿಂತಿತು. ನಾನು ಕೊಡ ಹಿಡಿದು ಓಣಿಯ ತಿರುವಿಗೆ ಬರುವಷ್ಟರಲ್ಲಿ ಅಗಸಿಯಲ್ಲಿ ಗದ್ದಲ ಕೇಳಿಸಿತು. ಹಿರಿಯರೆಲ್ಲ ಕಟ್ಟೆ ಇಳಿದು ಬಯಲಿನಲ್ಲಿ ನಿಂತಿದ್ದರು. ಮಾವನವರು ಮಾತ್ರ ಕಮಾನಿನ ಬಾಯಿಯಲ್ಲಿ ಕೋಲು ಊರಿ ನಿಂತು, ಒಳಗೆ ಯಾರೂ ಹೋಗದ ಹಾಗೆ ಕೈ ಅಡ್ಡ ಹಿಡಿದಿದ್ದರು.

"ಗಾಜು ಒಡದೈತಿ. ನಾ ಬರೂದರಾಗ ಒಡದಿತ್ತು" ಎಂದರು.

ಕೊಡ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ಆ ಸಪ್ಪಳಕ್ಕೆ ಎಲ್ಲರೂ ಹೌಹಾರಿ ಅಗಸಿಯ ಕಡೆ ನೋಡಿದರು. ನನಗೆ ಮೊದಲು ಅನಿಸಿದ್ದು ಹೇಳಿಬಿಡುತ್ತೇನೆ, ನಿರಾಳ. ಅವರೆಲ್ಲ ಹೊರಗೆ ಬಂದಿದ್ದರು. ಮಾವನವರು ಹೊರಗಿದ್ದರು. ಒಬ್ಬನೇ ಎದ್ದರೆ ಸತ್ತವನು, ಎಲ್ಲರೂ ಒಟ್ಟಿಗೆ ಎದ್ದರೆ ಯಾರೂ ಸತ್ತ ಹಾಗಲ್ಲ. ಅವರು ಬೇವಿನ ಗಿಡದ ಬುಡದಲ್ಲಿ ಚೀಲ ಹಾಸಿಕೊಂಡು, ಕಟ್ಟೆಯಲ್ಲಿ ಕೂಡುತ್ತಿದ್ದ ಸಾಲಿನಲ್ಲಿಯೇ ಕೂತರು.

ಎಂಜಿನಿಯರಿಗೆ ಫೋನ್ ಮಾಡಿದೆ. ಮಳೆಗೆ ದಾರಿ ಕೆಟ್ಟಿದೆ, ನಾಳೆ ಮುಂಜಾನೆ ಬರುತ್ತೇನೆ, ಯಾರನ್ನೂ ಹತ್ತಿರ ಬಿಡಬೇಡಿ ಎಂದರು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಹಬ್ಬಿತು. ಟ್ರ್ಯಾಕ್ಟರ್ ಮಾಲೀಕರು ಬಂದು ನೋಡಿ, "ನಾ ಏನ್ ಹೇಳಿದ್ದೆ?" ಎಂದು ಯಾರ ಕಡೆಗೂ ನೋಡದೆ ಹೇಳಿ, ಜೆಸಿಬಿಯವನಿಗೆ ಹೇಳಿಡಲು ಹೋದರು. ಅಗಸಿ ಹೋಯಿತು, ಬಯಲೂ ಹೋಯಿತು ಎಂದುಕೊಂಡೆ. ಹೋಗಲಿ, ಜೀವ ಉಳಿಯಿತಲ್ಲ ಎಂದೂ ಅಂದುಕೊಂಡೆ.

ಅನುಮಾನ ಬಂದದ್ದು ಬಟ್ಟೆ ಒಗೆಯುವಾಗ. ಮಾವನವರ ಹೆಗಲ ಮೇಲಿನ ವಸ್ತ್ರ ಕಲ್ಲಿಗೆ ಹಾಕಿ ತಿಕ್ಕಿದೆ, ಬೆರಳಿಗೆ ಏನೋ ಚುಚ್ಚಿ ರಕ್ತ ಬಂತು. ಮಡಿಕೆ ಬಿಡಿಸಿ ನೋಡಿದರೆ ಗಾಜಿನ ಚೂರು. ನಾ ಬರುವುದರೊಳಗೆ ಒಡೆದಿತ್ತು ಎಂದವರ ಹೆಗಲ ಮೇಲೆ ಗಾಜು ಹೇಗೆ ಬಿತ್ತು? ಕೈ ಒರೆಸಿಕೊಂಡು ಅಗಸಿಗೆ ಹೋದೆ. ದೂರದಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡಿದೆ. ಮೇಲಿನ ಗಾಜು ಹಾಗೆಯೇ ಇತ್ತು. ಗೋಡೆ ಸರಿದರೆ ಮೊದಲು ಒಡೆಯಬೇಕಾದದ್ದು ಅದು. ಒಡೆದದ್ದು ಕೆಳಗಿನದು ಮಾತ್ರ, ನಡುವಿಗೆ, ಯಾರೋ ಕುಟ್ಟಿದ ಹಾಗೆ. ಮನೆಗೆ ಬಂದು ಬಾಗಿಲ ಹಿಂದಿನ ಕೋಲು ತಿರುಗಿಸಿ ನೋಡಿದೆ. ಅದರ ತುದಿಯ ಕಬ್ಬಿಣದ ಬಳೆಗೆ ಗಾಜು ಅಂಟಿಸಿದ ಬಿಳಿ ಪುಡಿ ಮೆತ್ತಿತ್ತು.

ಯಾಕೆ ಒಡೆದರು ಎಂಬುದು ಆಗ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ: ಅಗಸಿ ಸರಿದಿಲ್ಲ, ಅದನ್ನು ಕೆಡವಬೇಕಾಗಿಲ್ಲ, ಮತ್ತು ಇದು ಊರಲ್ಲಿ ಗೊತ್ತಿರುವುದು ನಮ್ಮಿಬ್ಬರಿಗೇ. ಆವತ್ತಿನ ಅಂಜಿಕೆಯನ್ನು ಹೇಗೆ ಹೇಳಲಿ? ಅಲ್ಲಿಯ ತನಕ ಒಂದು ಕಡೆಯಿಂದ ಅಂಜುತ್ತಿದ್ದೆ, ಈಗ ಎರಡೂ ಕಡೆಯಿಂದ. ಎಂಜಿನಿಯರ್ ಮುಂದೆ ಸುಮ್ಮನಿದ್ದರೆ ಅಗಸಿಗೆ ಜೆಸಿಬಿ ಬರುತ್ತದೆ. ಬಾಯಿ ಬಿಟ್ಟರೆ ನಮ್ಮ ಮನೆಯ ಹಿರಿಯರ ಮಾನ ಬಯಲಿನಲ್ಲಿ ಹರಾಜಾಗುತ್ತದೆ. ಅಷ್ಟೇ ಆಗಿದ್ದರೂ ತಡೆದುಕೊಳ್ಳುತ್ತಿದ್ದೆ. ಗೋಡೆ ಸರಿದಿಲ್ಲ ಎಂದು ತಿಳಿದ ಕ್ಷಣವೇ ಅವರೆಲ್ಲ ಚೀಲ ಜಾಡಿಸಿಕೊಂಡು ಮತ್ತೆ ಹೋಗಿ ಕಟ್ಟೆಯ ಮೇಲೆ ಕೂಡುತ್ತಾರೆ, ಮೇಲಿನ ಅಟ್ಟ ನೀರು ಕುಡಿದು ನಿಂತಿರುವಾಗ! ಸಂಜೆ ಊಟಕ್ಕೆ ಕೂತ ಮಾವನವರು ನನ್ನ ಬೆರಳಿಗೆ ಸುತ್ತಿದ ಬಟ್ಟೆ ನೋಡಿದರು. ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಎದ್ದರು.

ಮರುದಿನ ಬೆಳಗ್ಗೆ ಬಯಲು ತುಂಬ ಜನ. ಎಂಜಿನಿಯರ್ ಏಣಿ ಹತ್ತಿ, ಇಳಿದು, ಮತ್ತೆ ಹತ್ತಿದರು. ಕೆಳಗಿಳಿದಾಗ ಅವರ ಮುಖ ಗಂಟಿಕ್ಕಿಕೊಂಡಿತ್ತು.

"ಮ್ಯಾಲಿಂದು ಹಂಗ ಐತಿ, ಕೆಳಗಿಂದು ಒಡದೈತಿ. ಇದು ತಿಳೀವಲ್ದು ನನಗ. ಯಾರರ ಕೈಲೆ ಒಡದಾರೇನ್ರಿ? ಹಂಗಿದ್ರ ಹೇಳ್ರಿ. ಇಲ್ಲಂದ್ರ ಇಷ್ಟು ಮಂದಿ ಜೀವದ ಪ್ರಶ್ನೆ, ನಾ ಇವತ್ತ ಕೆಡವಾಕ ಬರದು ಕೊಡತೇನಿ."

"ಯಾರ ಒಡೀತಾರ್ರಿ ಸಾಹೇಬ್ರ? ಒಡದು ಯಾರಿಗೇನ್ ಸಿಗಬೇಕು?" ಎಂದರು ಟ್ರ್ಯಾಕ್ಟರ್ ಮಾಲೀಕರು. ಅವರ ಪ್ರಶ್ನೆಯೂ ಸರಿಯಾದದ್ದೇ.

ಎಂಜಿನಿಯರ್ ನನ್ನ ಕಡೆ ತಿರುಗಿದರು. "ಮೆಂಬರ್ ಬಾಯಾರ, ದಿನಾ ನೋಡಾವರು ನೀವು. ನಿಮಗೇನರ ಗೊತ್ತೈತೇನು?"

ಎಲ್ಲರೂ ನನ್ನನ್ನೇ ನೋಡಿದರು. ಬೆರಳಿನ ಬಟ್ಟೆಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಇವತ್ತಿಗೂ ನನಗೆ ಗೊತ್ತಿಲ್ಲ, ಆವತ್ತು ನಾನು ಬಾಯಿ ತೆರೆದಿದ್ದರೆ ಹೌದು ಎನ್ನುತ್ತಿದ್ದೆನೋ ಇಲ್ಲ ಎನ್ನುತ್ತಿದ್ದೆನೋ. ತೆರೆಯುವ ಮೊದಲೇ ಬೇವಿನ ಗಿಡದ ಬುಡದಿಂದ ದನಿ ಬಂತು.

"ಆಕಿನ್ನ ಯಾಕ ಕೇಳ್ತೀರಿ? ನಾನ ಒಡದೇನಿ."

ಮಾವನವರು ಎದ್ದು ನಿಂತಿದ್ದರು. ಯಾರೋ ಫಕ್ಕನೆ ನಕ್ಕರು. ಮುದುಕನ ತಲೆ ನೆಟ್ಟಗಿಲ್ಲ ಎಂದು ಹಿಂದಿನಿಂದ ಇನ್ನೊಬ್ಬರು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಮಾವನವರು ನಗು ನಿಲ್ಲುವ ತನಕ ಕಾದರು.

"ಅಂಜಿಕಿ ಬಂದಿತ್ತು ನನಗ" ಎಂದರು. "ಮಳಿ ಸುರು ಆದಾಗಿಂದ ಅಂಜಿಕಿ. ತಲಿ ಮ್ಯಾಲ ಮಣ್ಣ ಉದರತಿತ್ತು, ರುಮಾಲಾ ಝಾಡಿಸಿಕೊಂಡು ಕುಂದರತಿದ್ದೆ. ಏಳಬೇಕಂದ್ರ ಹೆಂಗ ಏಳಲಿ? ನಾ ಎದ್ರ ಸತ್ತಾ ಅಂತೀರಿ, ಇಲ್ಲಾ ಹೆದರಪುಕ್ಕ ಅಂತೀರಿ. ಈ ಹುಡುಗಿ ದಿನಾ ಖಾಲಿ ಕೊಡಾ ಹಿಡಕೊಂಡು ಬಂದು ಮ್ಯಾಲ ನೋಡಿ, ನನ್ನ ನೋಡಿ ಹೋಗತಿದ್ಲು. ಆಕಿ ಮಾರಿ ಮ್ಯಾಲ ರಕ್ತ ಇರತಿದ್ದಿಲ್ಲ. ಗಾಜು ಒಡದ್ರ ಎಲ್ಲಾರೂ ಕೂಡಿ ಏಳ್ತೇವಿ ಅಂತ ಕೋಲಿಲೆ ಹೊಡದೆ. ಒಡದ್ರ ಅಗಸಿ ಕೆಡವ್ತಾರ ಅನ್ನೂದು ಆ ಗಳಿಗ್ಯಾಗ ನನಗ ಹೊಳೀಲಿಲ್ಲ."

ನಾನು ಸೆರಗು ಬಾಯಿಗೆ ಹಿಡಿದುಕೊಂಡೆ. ಇಷ್ಟು ದಿನ ಕಣ್ಣೆತ್ತಿಯೂ ನೋಡದವರು ನನ್ನ ಮುಖದಲ್ಲಿ ರಕ್ತ ಇಲ್ಲದ್ದನ್ನು ಯಾವಾಗ ನೋಡಿದರು?

ಮಾವನವರ ಪಕ್ಕದ ಜಾಗದ ಹಿರಿಯರು, ಊರಿಗೆಲ್ಲ ಸಿಡುಕ ಎಂದು ಹೆಸರಾದವರು, ಕೂತಲ್ಲಿಂದಲೇ ಹೇಳಿದರು. "ನಾನೂ ಅಂಜಿದ್ನೋ. ಗುಡುಗಿದ್ರ ಕಣ್ಣ ಮುಚ್ಚಿ ಕುಂದರತಿದ್ದೆ. ನೀ ಎದ್ದಿದ್ರ ಎಂದೋ ಎದ್ದ ಬರ್ತಿದ್ದೆ." ಎದುರು ಕಟ್ಟೆಯ ಒಬ್ಬರು, "ನಾ ಮನ್ಯಾಗ ಹೇಳೇ ಬರ್ತಿದ್ದೆ, ಮಧ್ಯಾಹ್ನದೊಳಗ ಬರಲಿಲ್ಲಂದ್ರ ಬಂದು ನೋಡ್ರಿ ಅಂತ" ಎಂದರು. ಆಗ ನಕ್ಕವರು ಬೇರೆಯವರು, ಆ ನಗು ಬೇರೆಯದು. ಹಿರಿಯರೂ ನಕ್ಕರು. ಇಡೀ ಮಳೆಗಾಲ ಒಬ್ಬರ ಪಕ್ಕ ಒಬ್ಬರು ಕೂತು, ಒಬ್ಬರಿಗೆ ಇನ್ನೊಬ್ಬರು ಅಂಜಿ, ಯಾರೂ ಏಳದೆ ಇದ್ದರಲ್ಲ ಎಂದು ನನಗೆ ಅಳು ಬಂತು, ಸಿಟ್ಟೂ ಬಂತು.

ಎಂಜಿನಿಯರ್ ಹೊಸ ಗಾಜು ಅಂಟಿಸಿದರು, ಈ ಸಲ ಕೋಲಿಗೆ ನಿಲುಕದ ಹಾಗೆ. ಟ್ರ್ಯಾಕ್ಟರ್ ಮಾಲೀಕರು ಜೆಸಿಬಿಯವನಿಗೆ ಫೋನ್ ಮಾಡಿ ಬೇಡ ಎಂದರು. ಮಾವನವರಿಗೆ ಕೈ ಮುಗಿದೇ ಹೋದರು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಳೆ ಮುಗಿಯುವ ತನಕ ಹಿರಿಯರು ಬೇವಿನ ಬುಡದಲ್ಲಿಯೇ ಕೂತರು. ಯಾರೂ ಅವರನ್ನು ಸತ್ತವರು ಎನ್ನಲಿಲ್ಲ. ಮೇಲಿನ ಗಾಜು ಕೊನೆಯ ತನಕ ಒಡೆಯಲಿಲ್ಲ. ಆದರೆ ಒಂದು ದಿನ ಕಮಾನಿನ ಒಳಮೈಯ ಹಳೆಯ ಗಾರೆಯ ದೊಡ್ಡ ಹೆಂಟೆಯೊಂದು ಸಡಿಲಾಗಿ, ಮಾವನವರ ಖಾಲಿ ಜಾಗದ ಮೇಲೆ ಬಿದ್ದು ಪುಡಿಯಾಗಿತ್ತು. ಅದನ್ನು ಗುಡಿಸಿ ಬುಟ್ಟಿಗೆ ತುಂಬಿದವಳು ನಾನೇ. ಬುಟ್ಟಿ ಎತ್ತಲು ನನ್ನ ಕೈಲಿ ಆಗಲಿಲ್ಲ. ಭಾರ ಇತ್ತೆಂದಲ್ಲ.

ದೀಪಾವಳಿಯ ನಂತರ ಕೆಲಸ ಸುರುವಾಯಿತು. ಕಮಾನಿಗೆ ಕಟ್ಟಿಗೆಯ ಆಸರೆ ಕೊಟ್ಟರು, ಅಟ್ಟದ ಮಣ್ಣು ಇಳಿಸಿದರು, ಪೂಜೆ ಮಾಡಿಸಿ ಅರಳಿಯನ್ನು ಬೇರು ಸಮೇತ ತೆಗೆದು ಬಯಲಿನ ಅಂಚಿಗೆ ನೆಟ್ಟರು. ಸುಣ್ಣ ಅರೆದು, ಬೆಲ್ಲದ ನೀರು ಹಾಕಿ ಕಲಸಿ, ಬಿರುಕು ತುಂಬಿದರು. ಬಯಲಿನ ಸುತ್ತ ಮೊಣಕಾಲೆತ್ತರದ ಕಲ್ಲಿನ ಗೋಡೆ ಬಂತು, ಮಳಿಗೆಯ ಮಾತು ನಿಂತಿತು. ಎಂಜಿನಿಯರ್ ಹೋಗುವಾಗ ತುಂಬಿದ ಬಿರುಕಿನ ಮೇಲೆ ಒಂದು ಗಾಜಿನ ಪಟ್ಟಿ ಬಿಟ್ಟೇ ಹೋದರು. ಇನ್ನೊಂದು ಮಳೆಗಾಲ ನೋಡೋಣ ಎಂದರು.

ಹಿರಿಯರು ಮತ್ತೆ ಕಟ್ಟೆಗೆ ಹೋದ ದಿನ ನಾನು ಎಂದಿನಂತೆ ಸೆರಗು ಎಳೆದುಕೊಂಡು, ಅವಸರದಲ್ಲಿ ಹಾಯುತ್ತಿದ್ದೆ. ಕೈಯಲ್ಲಿ ಕೊಡ ಇರಲಿಲ್ಲ. ಕಣ್ಣು ಮಾತ್ರ ರೂಢಿಯಂತೆ ಮೇಲೆ ಹೋಯಿತು.

"ಯವ್ವಾ, ನಿಲ್ಲು" ಎಂದರು ಮಾವನವರು.

ನಿಂತೆ. ಅವರು ಗೋಡೆಯ ಕಡೆಗೆ ಸರಿದು, ತಮ್ಮ ಪಕ್ಕದಲ್ಲಿ ಒಂದಿಷ್ಟು ಜಾಗ ಮಾಡಿ, ಅದನ್ನು ಹೆಗಲ ಮೇಲಿನ ವಸ್ತ್ರದಿಂದ ಝಾಡಿಸಿದರು. ಪಕ್ಕದ ಸಿಡುಕ ಹಿರಿಯರು ಗೊಣಗುತ್ತ ತಾವೂ ಸರಿದರು.

"ಇಷ್ಟ ದಿನಾ ಹೊರಗ ನಿಂತ ಅಂಜಿದಿ. ಇವತ್ತ ಒಂದ ಗಳಿಗಿ ಇಲ್ಲೆ ಕುಂದ್ರು."

ಆ ಕಟ್ಟೆಯ ಮೇಲೆ ಹೆಂಗಸು ಕೂತದ್ದನ್ನು ನಾನು ಕಂಡಿರಲಿಲ್ಲ. ಮಾವನವರ ಎದುರು ಮನೆಯೊಳಗೂ ನಾನು ಕೂತವಳಲ್ಲ. ಆದರೆ ನನ್ನ ಕಾಲು ಹಿಂಜರಿದದ್ದು ಅದಕ್ಕಲ್ಲ. ಹೋಗಿ ಕೂತೆ. ಕಲ್ಲು ತಣ್ಣಗಿತ್ತು. ತಲೆ ಮೇಲೆತ್ತಿದರೆ ಗಾಜು, ಗಾಜಿನ ಮೇಲೆ ಕಮಾನು, ಅಷ್ಟೂ ಕಲ್ಲು ನನ್ನ ಮೇಲೆ. ಗ್ರಾಮ ಸಭೆಯಲ್ಲಿ ಎದ್ದು ನಿಂತು ಇದು ಇಲ್ಲಿಯೇ ಇರಲಿ ಎಂದವಳು ಇದರ ಕೆಳಗೆ ಕೂತದ್ದು ಅದೇ ಮೊದಲು. ತೊಡೆಯ ಮೇಲಿಟ್ಟ ಕೈ ನಡುಗುತ್ತಿತ್ತು. ಮಾವನವರು ಅದನ್ನು ನೋಡಿದರು, ತಮ್ಮ ಕೋಲನ್ನು ನನ್ನ ಕೈಗೆ ಹಿಡಿಯಲು ಕೊಟ್ಟರು. ಕೋಲು ಹಿಡಿದಾಗ ಗೊತ್ತಾಯಿತು, ಅದೂ ಸಣ್ಣಗೆ ನಡುಗುತ್ತಿತ್ತು. ಅವರು ಇನ್ನೂ ಅದನ್ನು ಬಿಟ್ಟಿರಲಿಲ್ಲ.